ಪಾಲಕೋಡಿನಿಂದ ಒಂದೇ ದನಿ

ನನ್ನ ಪಾಠದ ಮೊದಲನೇ ವಿಡಿಯೋ ಕ್ಯಾಸೆಟ್ ಪಾಲಕೋಡಿಗೆ ಹೋದ ಮಾರನೆಯ ದಿನ ಅಲ್ಲಿನ ಸೆಂಟರ್ ನೋಡಿಕೊಳ್ಳುವವರು ಫೋನ್ ಮಾಡಿದರು. "ಮೇಡಂ, ಒಂದು ತೊಂದರೆಯಾಗಿದೆ. ಪಾಠ ಮುಗಿಯುವವರೆಗೂ ಮಕ್ಕಳು ನಿಂತೇ ಇದ್ದರು. ನೀವು ಕೂರೋಕೆ ಹೇಳಲಿಲ್ಲವಂತೆ."

ನನಗೆ ನಗು ಬಂತು, ಆಮೇಲೆ ಕಸಿವಿಸಿಯಾಯಿತು. ಟೀಚರ್ ಬಂದರೆ ಏಳಬೇಕು, ಟೀಚರ್ "ಉಕ್ಕಾರುಂಗ" ಎಂದ ಮೇಲೆ ಕೂರಬೇಕು. ಒಂದನೇ ಕ್ಲಾಸಿನಿಂದ ಅವರಿಗೆ ಕಲಿಸಿದ್ದು ಅದನ್ನೇ. ಟಿವಿಯಲ್ಲಿ ನನ್ನ ಮುಖ ಬಂದ ಕೂಡಲೇ ಎದ್ದಿದ್ದಾರೆ. ನಾನೋ, ಬಂದವಳೇ ಬೋರ್ಡಿನ ಕಡೆ ತಿರುಗಿ ಲಿಮಿಟ್ಸ್ ಶುರು ಮಾಡಿಬಿಟ್ಟಿದ್ದೇನೆ! "ಅದಕ್ಕೆ ನೀವೇ ಕೂರಿಸಬಾರದಿತ್ತಾ?" ಎಂದೆ. "ಹೇಳಿದೆ ಮೇಡಂ. ಟೀಚರ್ ನೀವಲ್ಲವಲ್ಲ ಎಂದುಬಿಟ್ಟರು" ಎಂದು ಅವರು ಬೇಜಾರು ಮಾಡಿಕೊಂಡರು.

ಇದು ತೊಂಬತ್ತರ ದಶಕದ ಕೊನೆಯ ಮಾತು. ಇಂಟರ್ನೆಟ್ ಎಂಬ ಪದವನ್ನು ನಾವು ಪೇಪರಿನಲ್ಲಿ ಓದಿದ್ದೆವಷ್ಟೇ. ಸೇಲಂನ ಒಂದು ಟ್ಯುಟೋರಿಯಲ್ ಕಾಲೇಜಿನಲ್ಲಿ ನಾನು ಪ್ಲಸ್ ಟೂ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದೆ. ನಮ್ಮ ಪ್ರಿನ್ಸಿಪಾಲರಿಗೆ ಹೊಸದೆಂದರೆ ಪ್ರಾಣ. ಶಂಕಗಿರಿಯಲ್ಲಿ ಒಂದು, ಪಾಲಕೋಡಿನಲ್ಲಿ ಒಂದು ಸೆಂಟರ್ ತೆಗೆದು, ಟೀಚರುಗಳನ್ನು ಕಳಿಸುವ ಬದಲು ಪಾಠವನ್ನೇ ವಿಡಿಯೋ ಮಾಡಿ ಕಳಿಸುವುದೆಂದು ನಿರ್ಧರಿಸಿದರು. ವಾರಕ್ಕೊಂದು ಕ್ಯಾಸೆಟ್. ಶನಿವಾರ ಮಧ್ಯಾಹ್ನ ನಾನು ಸೇಲಂನಿಂದ ಫೋನ್ ಮಾಡಬೇಕು, ಅಲ್ಲಿನ ಮಕ್ಕಳು ಅರ್ಧ ಗಂಟೆ ಸಂದೇಹ ಕೇಳಬೇಕು. "ದೂರ ಅನ್ನೋದೇ ಇರಲ್ಲ ಇನ್ನು" ಎಂದು ಅವರು ಸ್ಟಾಫ್ ರೂಮಿನಲ್ಲಿ ಮೇಜು ಕುಟ್ಟಿ ಹೇಳಿದ್ದರು.

ಚಿತ್ರೀಕರಣ ನಡೆಯುತ್ತಿದ್ದದ್ದು ಒಂದು ಮದುವೆ ವಿಡಿಯೋ ಸ್ಟುಡಿಯೋದಲ್ಲಿ. ಕ್ಯಾಮೆರಾದವನಿಗೆ ಮದುಮಗಳನ್ನು ತೆಗೆದು ಅಭ್ಯಾಸವೇ ಹೊರತು ಟೀಚರನ್ನಲ್ಲ. ಮಾತುಮಾತಿಗೂ "ಕೊಂಜಂ ಸಿರಿಂಗ ಮೇಡಂ" ಎಂದು ನನ್ನನ್ನು ನಗಿಸಲು ನೋಡುತ್ತಿದ್ದ. ಡೆರಿವೇಟಿವ್ ಬರೆಯುತ್ತಾ ಯಾರಾದರೂ ಹಲ್ಲು ಕಿರಿಯುತ್ತಾರೆಯೇ? ಎರಡನೇ ಕ್ಯಾಸೆಟ್ಟಿನಲ್ಲಿ ನನ್ನ ಮುಖದ ಸುತ್ತ ಗುಲಾಬಿ ಹೂವಿನ ಚೌಕಟ್ಟು ಹಾಕಿದ್ದ. ತೆಗೆಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಆದರೆ ಅವನಿಂದ ಒಂದು ಉಪಕಾರವೂ ಆಯಿತು. "ಉಕ್ಕಾರುಂಗ" ಎಂದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರಿ, ಬೆಂಚು ಎಳೆಯುವ ಸದ್ದು ಮುಗಿಯಲಿ ಎಂದು ಹೇಳಿಕೊಟ್ಟವನು ಅವನೇ. ಅಂದಿನಿಂದ ನಾನು ಖಾಲಿ ಗೋಡೆಗೆ ಕೂರಲು ಹೇಳಿ, ಅದು ಕೂರುವವರೆಗೆ ಕಾಯುತ್ತಿದ್ದೆ.

ತರಗತಿಯಲ್ಲಾದರೆ ಮಕ್ಕಳ ಮುಖವೇ ನನಗೆ ಗಡಿಯಾರ. ಹಿಂದಿನ ಬೆಂಚಿನ ಹುಬ್ಬು ಗಂಟಾದರೆ ಒಂದು ಹೆಜ್ಜೆ ಹಿಂದಕ್ಕೆ ಹೋಗುತ್ತೇನೆ, ಮುಂದಿನವರು ಆಕಳಿಸಿದರೆ ಬೇಗ ಮುಗಿಸುತ್ತೇನೆ. ಇಲ್ಲಿ ಎದುರಿಗಿದ್ದದ್ದು ಉರಿಯುವ ಎರಡು ಲೈಟು ಮಾತ್ರ. ಅರ್ಥವಾಯಿತೋ ಇಲ್ಲವೋ ತಿಳಿಯದೆ ಒಂದೇ ಲೆಕ್ಕವನ್ನು ಮೂರು ಬಗೆಯಲ್ಲಿ ಹೇಳುತ್ತಿದ್ದೆ. ಮನೆಗೆ ಬಂದು ಮೂರನ್ನೂ ಹೇಳಬಾರದಿತ್ತೇನೋ ಎಂದು ಪೇಚಾಡುತ್ತಿದ್ದೆ.

ಶನಿವಾರದ ಫೋನು ಇನ್ನೂ ವಿಚಿತ್ರ. ಶಂಕಗಿರಿಯವರು ನೂಕುನುಗ್ಗಲಲ್ಲಿ ಮಾತಾಡುತ್ತಿದ್ದರು, ಒಬ್ಬರ ಕೈಯಿಂದ ಒಬ್ಬರು ಕಿತ್ತುಕೊಳ್ಳುತ್ತಿದ್ದರು. ಪಾಲಕೋಡಿನಿಂದ ಮಾತ್ರ ಯಾವಾಗಲೂ ಒಂದೇ ದನಿ. ಒಂದು ಹುಡುಗಿಯದು. ಸ್ವಚ್ಛವಾದ, ತಡವರಿಸದ ತಮಿಳು. "ಪಾಲಕೋಡ್ ಸೆಂಟರ್, ಮಿಸ್" ಎಂದು ಶುರು ಮಾಡಿ ಒಂದರ ಹಿಂದೊಂದು ಕೇಳುತ್ತಿದ್ದಳು. ನಡುನಡುವೆ ಲೈನಿನಲ್ಲಿ ಗುಸುಗುಸು ಸದ್ದು ಬರುತ್ತಿತ್ತು. ಟೆಲಿಫೋನಿನವರಿಗೆ ದೂರು ಕೊಟ್ಟೆ. ಲೈನ್‌ಮನ್ ಬಂದು ನೋಡಿ ಲೈನು ಚೆನ್ನಾಗಿದೆ ಎಂದು ಹೋದ. ಮುಂದಿನ ಶನಿವಾರ ಮತ್ತೆ ಅದೇ ಗುಸುಗುಸು.

ನನ್ನ ತಲೆ ಕೆಡಿಸಿದ್ದು ಆ ಹುಡುಗಿಯ ಪ್ರಶ್ನೆಗಳು. ಒಮ್ಮೆ ಸೈನ್ ಎಕ್ಸ್ ಬೈ ಎಕ್ಸ್ ಪಾಠವಾಗಿತ್ತು. ಎಕ್ಸ್ ಸೊನ್ನೆಯ ಹತ್ತಿರಕ್ಕೆ ಹೋದಾಗ ಅದರ ಬೆಲೆ ಒಂದು ಎಂದು ತೋರಿಸಿದ್ದೆ. ಅವಳು ಕೇಳಿದಳು: "ಮಿಸ್, ಮೇಲೊಂದು ಎಕ್ಸ್ ಕೆಳಗೊಂದು ಎಕ್ಸ್ ಹೊಡೆದುಹಾಕಿದರೆ ಬರೀ ಸೈನ್ ಉಳಿಯುತ್ತಲ್ಲ?" ಅಯ್ಯೋ ಶಿವನೇ! ಸೈನ್ ಎಂದರೇನು ಎಂಬುದೇ ತಿಳಿಯದವರು ಕೇಳುವ ಪ್ರಶ್ನೆ ಅದು. ತಾಳ್ಮೆಯಿಂದ ಬಿಡಿಸಿ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಅದೇ ದನಿ, "ಮಿಸ್, ಕೋನವನ್ನು ರೇಡಿಯನ್ ಬದಲು ಡಿಗ್ರಿಯಲ್ಲಿ ಅಳೆದರೆ ಆಗಲೂ ಒಂದೇ ಬರುತ್ತಾ?" ಎಂದಿತು. ಬರುವುದಿಲ್ಲ. ಆದರೆ ನನ್ನ ಸೇಲಂ ಮಕ್ಕಳಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ. ಯಾಕೆ ಬರುವುದಿಲ್ಲವೆಂದು ವಿವರಿಸಿ ಫೋನಿಟ್ಟೆ. ಸೈನ್ ಗೊತ್ತಿಲ್ಲದವಳಿಗೆ ರೇಡಿಯನ್ನಿನ ಮೇಲೆ ಅನುಮಾನ ಬರುವುದು ಹೇಗೆ? ನನ್ನನ್ನೇ ಪರೀಕ್ಷೆ ಮಾಡುತ್ತಿದ್ದಾಳೆಯೇ? ಅಥವಾ ಪಕ್ಕದವರ ಸಮಾಧಾನಕ್ಕೆಂದು ಸುಲಭದ್ದನ್ನೂ ಕೇಳುವಷ್ಟು ಒಳ್ಳೆಯವಳೇ? ಕೊನೆಗೆ ಎರಡನೆಯದನ್ನೇ ನಂಬಿದೆ. ನಂಬಲು ಹಿತವಾಗಿತ್ತು. ನಿಜ ಹೇಳಬೇಕೆಂದರೆ ನಾನು ಆ ದನಿಗಾಗಿ ಶನಿವಾರವನ್ನು ಕಾಯತೊಡಗಿದ್ದೆ.

ಪರೀಕ್ಷೆಗೆ ಎರಡು ತಿಂಗಳಿರುವಾಗ ಪ್ರಿನ್ಸಿಪಾಲರು ಹೊಸ ಏರ್ಪಾಡು ಹೇಳಿದರು. ಒಂದೊಂದು ಸೆಂಟರಿನಿಂದ ಒಬ್ಬರನ್ನು ಆರಿಸಿ ಸೇಲಂಗೆ ಕರೆಸುವುದು. ಹಾಸ್ಟೆಲು, ಊಟ, ನೇರ ತರಗತಿ, ಎಂಟ್ರೆನ್ಸ್ ಕೋಚಿಂಗ್ ಎಲ್ಲಾ ಉಚಿತ. ನಾನು ಯೋಚಿಸಲೇ ಇಲ್ಲ. "ಪಾಲಕೋಡಿನಲ್ಲಿ ಫೋನ್ ಮಾತಾಡುವ ಹುಡುಗಿ" ಎಂದುಬಿಟ್ಟೆ. ಸೆಂಟರಿನವರೂ ಮರುಮಾತಿಲ್ಲದೆ ಕಳಿಸಿದರು.

ಅಪ್ಪನ ಜೊತೆ ಬಂದಳು. ಸಣಕಲು ಹುಡುಗಿ, ಎರಡು ಜಡೆ, ತಗ್ಗಿಸಿದ ತಲೆ. ಅಪ್ಪ ಕುರಿ ಸಾಕುವವರು, ಸ್ವಲ್ಪ ಹೊಲವೂ ಇತ್ತು. ಆಫೀಸಿನಲ್ಲಿ ಅವರು ಮಗಳಿಗೆ ಮೆಲ್ಲಗೆ, "ಬುತ್ತಿ ಎಲ್ಲವ್ವಾ ಮಡಗ್ದೆ?" ಎಂದದ್ದು ಕೇಳಿ, ನನ್ನ ಮನೆಮಾತೂ ಅದೇ ಆದ್ದರಿಂದ, ನಾನು ಕನ್ನಡದಲ್ಲೇ, "ಅಲ್ಲೇ ಬೆಂಚಿನ ಕೆಳಗಿದೆ ನೋಡಿ" ಎಂದೆ. ಅವರ ಮುಖ ಊರಗಲವಾಯಿತು.

"ಅಯ್ಯೋ, ನಮ್ಮ ಮಾತೇ ಆಡ್ತೀರಲ್ಲ ಟೀಚರಮ್ಮ! ಇನ್ನೇನು ಭಯ ಐತೆ ನಂಗೆ? ನಮ್ ಮನ್ಲಿ ಸೇಲಂಗೆ ಓದೋಕ್ ಬಂದೋಳು ಇವ್ಳೇ ಮೊದ್ಲು. ಊರೆಲ್ಲಾ ಏಳ್ಕೊಂಡ್ ಬಂದಿವ್ನಿ" ಎಂದರು.

ಹುಡುಗಿ ನನ್ನನ್ನು ಒಂದು ಸಲ ಕದ್ದು ನೋಡಿ ಮತ್ತೆ ತಲೆ ತಗ್ಗಿಸಿದಳು. ನಾಚಿಕೆ ಎಂದುಕೊಂಡೆ.

ಮುಂದಿನ ವಾರ ಪೂರ್ತಿ ಅವಳು ಬಾಯಿ ಬಿಡಲಿಲ್ಲ. ಕೇಳು ಎಂದರೆ ಎದ್ದು ನಿಲ್ಲುತ್ತಾಳೆ, ನಿಂತೇ ಇರುತ್ತಾಳೆ. ಮೊದಲ ಟೆಸ್ಟಿನಲ್ಲಿ ತರಗತಿಗೇ ಕೊನೆಯವಳಾದಳು. ಪಕ್ಕಕ್ಕೆ ಕರೆದು, "ಡಿಗ್ರಿಯಲ್ಲಿ ಅಳೆದರೆ ಎಂದು ಕೇಳಿದ್ದು ನೀನೇ ತಾನೇ?" ಎಂದೆ.

"ಕೇಳ್ದೆ ಮಿಸ್."

"ನಾನೇನು ಉತ್ತರ ಹೇಳಿದೆ?"

"ಗೊತ್ತಿಲ್ಲ ಮಿಸ್."

ದನಿ ಅದೇ. ಅದರಲ್ಲಿ ಅನುಮಾನವೇ ಇಲ್ಲ. ಆದರೆ ನಾನು ಎದುರು ನೋಡಿದವಳು ಈ ದನಿಯ ಒಳಗೆ ಎಲ್ಲೂ ಕಾಣುತ್ತಿಲ್ಲ. ಇನ್ನೂ ವಿಚಿತ್ರವೆಂದರೆ ಆ ಶನಿವಾರ ಪಾಲಕೋಡಿಗೆ ಫೋನ್ ಮಾಡಿದಾಗ ಒಂದೇ ಒಂದು ಪ್ರಶ್ನೆ ಬರಲಿಲ್ಲ. ಸೆಂಟರಿನವರು, "ಇವತ್ತು ಸಂದೇಹ ಇಲ್ಲವಂತೆ ಮೇಡಂ" ಎಂದರು. ಲೈನು ಎಷ್ಟು ಚೆನ್ನಾಗಿತ್ತೆಂದರೆ ಅವರ ಟೈಪ್‌ರೈಟರಿನ ಸದ್ದೂ ಕೇಳುತ್ತಿತ್ತು. ಗುಸುಗುಸು ಪೂರಾ ನಿಂತುಹೋಗಿತ್ತು.

ಪ್ರಿನ್ಸಿಪಾಲರು ಟೆಸ್ಟಿನ ಅಂಕ ನೋಡಿ ನನ್ನನ್ನು ಕರೆದರು. "ನೀವೇ ಆರಿಸಿದ್ದು. ಸೋಮವಾರದೊಳಗೆ ಹೇಳಿ. ಇವಳನ್ನು ವಾಪಸ್ ಕಳಿಸಿ ಇನ್ನೊಬ್ಬರನ್ನು ಕರೆಸೋಣ" ಎಂದರು. ಯಾರನ್ನು ಕರೆಸುವುದು? ಅಲ್ಲಿ ನನಗೆ ಇನ್ನೊಬ್ಬರ ದನಿಯೇ ಗೊತ್ತಿರಲಿಲ್ಲ. ಊರೆಲ್ಲಾ ಹೇಳಿಕೊಂಡು ಬಂದ ಅಪ್ಪನ ಎದುರಿಗೆ ಈ ಮಗು ವಾಪಸ್ ಹೋಗಿ ನಿಲ್ಲುವುದಾದರೂ ಹೇಗೆ? ಇಟ್ಟುಕೊಂಡರೂ ಇಲ್ಲಿ ಅವಳು ದಿನಾ ಮುದುಡುತ್ತಿದ್ದಾಳೆ. ಏನು ಮಾಡಿದರೆ ಸರಿ ಎಂದು ತೋಚದೆ ಭಾನುವಾರ ಬೆಳಗ್ಗೆ ಅವಳನ್ನು ಕರೆದುಕೊಂಡು ಪಾಲಕೋಡಿಗೆ ಹೊರಟೆ. ಅಷ್ಟು ತಿಂಗಳು ಪಾಠ ಹೇಳಿದ ಊರನ್ನು ನಾನು ಆವರೆಗೆ ನೋಡಿಯೇ ಇರಲಿಲ್ಲ.

ತೊಪ್ಪೂರು ಘಾಟಿನಲ್ಲಿ ಒಂದು ಲಾರಿ ಕೆಟ್ಟು ನಿಂತು ನಮ್ಮ ಬಸ್ಸು ನಿಂತಿತು. ಕಡಲೆಕಾಯಿ ಕೊಂಡು ಅವಳ ಮಡಿಲಿಗೆ ಹಾಕಿ ಕನ್ನಡದಲ್ಲಿ ಕೇಳಿದೆ. "ನಾನು ಬೈಯುವುದಿಲ್ಲ ಮಗೂ. ನನಗೆ ಏನೂ ತಿಳಿಯುತ್ತಿಲ್ಲ, ಅದಕ್ಕೆ ಕೇಳ್ತಾ ಇದ್ದೀನಿ. ಫೋನಿನಲ್ಲಿ ಅಷ್ಟೆಲ್ಲಾ ಕೇಳುತ್ತಿದ್ದವಳು ಇಲ್ಲಿ ಯಾಕೆ ಸುಮ್ಮನಾದೆ?"

ಒಂದು ಕಾಯಿಯ ಸಿಪ್ಪೆ ಬಿಡಿಸಿ ಬೀಜವನ್ನು ನನ್ನ ಕೈಗಿಟ್ಟಳು. ಆಮೇಲೆ ಹೇಳಿದಳು. "ಅವು ನಂದಲ್ಲ ಮಿಸ್."

"ಏನು?"

"ಪ್ರಶ್ನೆ. ಎಲ್ರೂವೂ ಕಿವೀಲಿ ಏಳೋರು, ನಾನು ಫೋನಲ್ಲಿ ಏಳೋಳು. ಫೋನ್ ವೈರು ಕಿಟ್ಕಿ ಗಂಟ ಮಾತ್ರ ಬರ್ತೈತೆ. ಎಲ್ರೂ ಎದ್ ಓಡಾಡಿದ್ರೆ ಕಿತ್ತೋಯ್ತದೆ, ಒಬ್ರೇ ಮಾತಾಡಿ ಅಂದ್ಬುಟ್ರು ಸೆಂಟರ್ ಸಾರು. ನಾನು ಧರ್ಮಪುರಿ ಹಾಸ್ಟೆಲ್ನಾಗೆ ಓದಿದ್ನಲ್ಲ, ನನ್ ತಮಿಳು ಚೆಂದಾಗೈತೆ ಅಂತ ನನ್ನೇ ಕೂರ್ಸಿದ್ರು. ಅವ್ರ್ದೆಲ್ಲಾ ಮನೆ ಮಾತು ಕನ್ನಡ, ತಮಿಳು ಮಾತಾಡಿದ್ರೆ ಸೇಲಂ ಮಿಸ್ಸು ನಗ್ತಾರೆ ಅಂತ ಅವ್ರಿಗೆ ಭಯ."

"ಆ ಡಿಗ್ರಿ ಪ್ರಶ್ನೆ?"

"ಅದು ನಮ್ ಜೊತೆ ಓದೋ ಒಬ್ಬ ಕುರಿ ಮೇಯ್ಸೋನ್ದು. ಸೈನ್ ಉಳೀತದಲ್ಲ ಅಂದಿದ್ದು ಅವ್ನ ಪಕ್ಕದೋಳ್ದು. ನೀವು ಉತ್ರ ಏಳೋವಾಗ ಇನ್ನೊಬ್ರು ಈ ಕಿವೀಲಿ ಏಳ್ತಾ ಇರೋರು. ನಂಗೆ ಯಾವ್ದೂ ತಲೆಗೇ ಓಗ್ಲಿಲ್ಲ ಮಿಸ್." ಸಿಪ್ಪೆಯನ್ನು ಕಿಟಕಿಯಾಚೆ ಎಸೆದು ಸೇರಿಸಿದಳು. "ಸೇಲಂಗೆ ನನ್ ಕರುದ್ರಲ್ಲ, ಅವತ್ತೇ ಏಳ್ಬೇಕು ಅಂದ್ಕೊಂಡೆ. ಅಷ್ಟೊತ್ಗೆ ಅಪ್ಪ ಊರಿಗೆಲ್ಲಾ ಏಳ್ಬುಟ್ಟಿತ್ತು."

ಲೈನಿನಲ್ಲಿ ಬರುತ್ತಿದ್ದ ಆ ಗುಸುಗುಸು! ನಾನು ಲೈನ್‌ಮನ್ ಕರೆಸಿ ರಿಪೇರಿ ಮಾಡಿಸಲು ಹೋದದ್ದು ನನ್ನ ತರಗತಿಯನ್ನೇ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೆಟ್ಟ ಲಾರಿಯನ್ನು ಬದಿಗೆ ಎಳೆದರು, ಬಸ್ಸು ಹೊರಟಿತು.

ಪಾಲಕೋಡಿನ ಸೆಂಟರ್ ಎಂದರೆ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನ ಹಿಂದಿನ ಕೋಣೆ. ಮುಂದಿನ ಆಫೀಸಿನಿಂದ ಫೋನಿನ ವೈರು ಕಿಟಕಿಯವರೆಗೆ ಬಂದಿತ್ತು. ಎದುರಿಗೆ ರಸ್ತೆಯಾಚೆ ಟೊಮೆಟೊ ಕ್ರೇಟುಗಳ ರಾಶಿ, ಅದರ ಪಕ್ಕ ಒಂದು ಎಸ್‌ಟಿಡಿ ಬೂತು. ನಾವು ಬರುತ್ತೇವೆಂದು ಹೊರಡುವ ಮುಂಚೆ ಫೋನ್ ಮಾಡಿದ್ದರಿಂದ ಮಕ್ಕಳೆಲ್ಲಾ ಸೇರಿದ್ದರು. ಒಳಗೆ ಕಾಲಿಟ್ಟೆ, ಎಲ್ಲರೂ ದಡಬಡ ಎದ್ದರು. ಆದರೆ ಅರ್ಧ ಮಂದಿಯ ಕಣ್ಣು ನನ್ನ ಮೇಲೆ, ಅರ್ಧ ಮಂದಿಯದು ಬಟ್ಟೆ ಹೊದಿಸಿದ್ದ ಟಿವಿಯ ಮೇಲೆ. ಒಬ್ಬಳು ಇನ್ನೊಬ್ಬಳಿಗೆ ಹೇಳಿದ್ದು ನನಗೆ ಚೆನ್ನಾಗಿ ಕೇಳಿಸಿತು. "ಇವ್ರಲ್ಲ ಕಣೇ. ಟಿವಿ ಮಿಸ್ಸು ಎತ್ರ ಅವ್ರೆ."

"ಕೂತ್ಕೊಳ್ಳಿ" ಎಂದೆ. ಕೂತರು. "ಇವತ್ತು ಕ್ಯಾಸೆಟ್ ಇಲ್ಲ, ಫೋನಿಲ್ಲ. ನಾನೇ ಬಂದಿದ್ದೀನಿ. ತಮಿಳೋ ಕನ್ನಡವೋ, ಯಾವುದಾದರೂ ಸರಿ. ಕೇಳಿ" ಎಂದೆ. ಒಬ್ಬರೂ ಉಸಿರೆತ್ತಲಿಲ್ಲ. ಬೋರ್ಡಿನಲ್ಲಿ ಲೆಕ್ಕ ಬರೆದೆ, ಬೇಕೆಂದೇ ತಪ್ಪು ಮಾಡಿದೆ. ಆ ತಪ್ಪನ್ನೂ ಶ್ರದ್ಧೆಯಿಂದ ಬರೆದುಕೊಂಡರು! ಬೆಂಚುಗಳ ನಡುವೆ ಓಡಾಡಿದರೆ ನಾನು ಹೋದ ಕಡೆಯೆಲ್ಲಾ ತಲೆಗಳು ತಗ್ಗುತ್ತಿದ್ದವು. ಅಷ್ಟು ದೂರ ಬಂದು ಎದುರಿಗೆ ನಿಂತರೆ ಸಾಕು, ಎಲ್ಲಾ ಸರಿಹೋಗುತ್ತದೆ ಎಂದುಕೊಂಡಿದ್ದೆ. ಕ್ಯಾಸೆಟ್ಟಿನಲ್ಲಿ ಇದ್ದಷ್ಟೂ ನಾನು ಅಲ್ಲಿ ಇರಲಿಲ್ಲ. ಸಿಟ್ಟು ಬಂತು. ಅವರ ಮೇಲೋ ನನ್ನ ಮೇಲೋ, ಪ್ರಿನ್ಸಿಪಾಲರ ಮೇಲೋ ತಿಳಿಯದು.

ಕಿಟಕಿಯ ಮೇಲಿದ್ದ ಫೋನು ಕಣ್ಣಿಗೆ ಬಿತ್ತು. "ಎರಡು ನಿಮಿಷ ಇರಿ, ಬಂದೆ" ಎಂದು ಹೊರಬಂದು ರಸ್ತೆ ದಾಟಿ ಎಸ್‌ಟಿಡಿ ಬೂತಿಗೆ ಹೋದೆ.

ಬೂತಿನವರು, "ಯಾವೂರ್ಗಮ್ಮಾ?" ಎಂದರು.

"ಇದೇ ಊರಿಗೆ. ಎದುರುಗಡೆ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಡ್ಕೊಂಡ್ ಓದ್ರೆ ಆಯ್ತಲ್ಲಮ್ಮಾ!"

"ನಡೆದುಕೊಂಡು ಹೋಗಿಯೇ ಬಂದೆ, ಪ್ರಯೋಜನ ಆಗಲಿಲ್ಲ" ಎಂದು ನಂಬರು ಒತ್ತಿದೆ.

ಆ ಕಡೆ ಫೋನು ರಿಂಗಾಯಿತು. ಎತ್ತಿದ್ದು ನನ್ನ ಹುಡುಗಿಯೇ. "ಪಾಲಕೋಡ್ ಸೆಂಟರ್" ಎಂದಳು, ಎಂದಿನ ಹಾಗೆ ತಮಿಳಿನಲ್ಲಿ.

"ನಾನು ಕಣೇ, ಮಿಸ್ಸು. ಇವತ್ತು ನೀನು ಯಾರದ್ದನ್ನೂ ಕೇಳಬೇಡ. ಒಬ್ಬೊಬ್ಬರ ಕೈಗೂ ಫೋನ್ ಕೊಡು. ಹೆಸರು ಹೇಳುವುದು ಬೇಡ, ಪ್ರಶ್ನೆ ಹೇಳಿದರೆ ಸಾಕು."

ಗುಸುಗುಸು ಶುರುವಾಯಿತು. ಅಷ್ಟು ಸಂತೋಷ ಕೊಟ್ಟ ಸದ್ದನ್ನು ನಾನು ಬೇರೆ ಕೇಳಿಲ್ಲ. ಮೊದಲು ಒಂದು ನಡುಗುವ ದನಿ, ಏನೋ ಕೇಳಿ ಉತ್ತರಕ್ಕೂ ಕಾಯದೆ ಓಡಿತು. ಆಮೇಲೆ ಒಬ್ಬಳು, ಆಮೇಲೆ ಇಬ್ಬರು ಒಟ್ಟಿಗೆ. ಕೆಲವರು ತಮಿಳಿನಲ್ಲಿ, ಹೆಚ್ಚಿನವರು ಮನೆಮಾತಾದ ಕನ್ನಡದಲ್ಲಿ. ಒಂದು ಗಂಡು ದನಿ ನೇರವಾಗಿ ಪ್ಯಾರಾಬೋಲಾದೊಳಕ್ಕೆ ಇಳಿಯಿತು. ಎರಡನೇ ಮಾತಿಗೇ ಗೊತ್ತಾಯಿತು, ಇವನೇ ಆ ರೇಡಿಯನ್ನಿನವನು.

"ನೀನು ಕುರಿ ಮೇಯಿಸುವವನಾ? ಸೇಲಂಗೆ ಬರ್ತೀಯೇನೋ?" ಎಂದು ಕೇಳಿಯೇ ಬಿಟ್ಟೆ. ಸೋಮವಾರ ಹತ್ತಿರವಿತ್ತು.

"ಬ್ಯಾಡ ಮಿಸ್. ನಂಗೆ ಕ್ಯಾಸೆಟ್ಟೇ ಸರಿ. ಎಷ್ಟ್ ಸತಿ ತಿರುಗ್ಸುದ್ರೂ ನೀವು ಬೈಯಕ್ಕಿಲ್ಲ. ಕುರಿ ಒಡ್ಕೊಂಡ್ ಬಂದು ಸಾಯಂಕಾಲ ನೋಡ್ತೀನಿ." ಆಮೇಲೆ ದನಿ ತಗ್ಗಿಸಿದ. "ಮಿಸ್, ಸೀಟು ಒಂದೇ ಅಲ್ವಾ, ಅವ್ಳನ್ನ ವಾಪಸ್ ಕಳುಸ್ಬ್ಯಾಡಿ. ನಮ್ದೆಲ್ಲಾ ಕೇಳಿ ಕೇಳಿ ಅವ್ಳಿಗೆ ಅವ್ಳ್ದು ಕೇಳಕ್ ಆಗ್ಲೇ ಇಲ್ಲ. ಇನ್ಮ್ಯಾಲೆ ನಮ್ದು ನಾವು ಕೇಳ್ಕೋತೀವಿ."

ಬೂತಿನವರು ನನ್ನ ಮುಖ ನೋಡಿ ಯಾರೋ ತೀರಿಕೊಂಡರೇನೋ ಎಂದು ಸ್ಟೂಲು ಮುಂದಕ್ಕೆ ತಳ್ಳಿದರು. "ಫೋನು ಅವಳಿಗೆ ಕೊಡು" ಎಂದೆ.

"ಮಿಸ್" ಎಂದಳು. ಈ ಸಲ ಕನ್ನಡ. ಆ ಸ್ವಚ್ಛವಾದ, ತಡವರಿಸದ ದನಿ ಈಗ ತಡವರಿಸುತ್ತಿತ್ತು.

"ನಿನ್ನದು ಕೇಳಮ್ಮಾ."

"ತುಂಬಾ ಹಳೇದು ಮಿಸ್. ಫಸ್ಟ್ ಕ್ಯಾಸೆಟ್ಟಿಂದು."

"ಇರಲಿ. ಹೇಳು."

"ಎಕ್ಸು ಸೊನ್ನೆ ಹತ್ರ ಹತ್ರಕ್ಕೆ ಓಯ್ತಾನೇ ಇರ್ತೈತೆ, ಮುಟ್ಟಕ್ಕಿಲ್ಲ ಅಂತೀರಲ್ಲ. ಮುಟ್ದೇನೇ ಅಲ್ಲೇನೈತೆ ಅಂತ ಎಂಗೆ ಗೊತ್ತಾಯ್ತದೆ ಮಿಸ್?"

ಅಷ್ಟು ತಿಂಗಳು ಈ ಹುಡುಗಿ ಮೊದಲನೇ ಪಾಠದ ಮೊದಲನೇ ಸಾಲಿನಲ್ಲೇ ನಿಂತಿದ್ದಳು. ಕೂರು ಎಂದು ಯಾರೂ ಹೇಳಿರಲಿಲ್ಲ. ಸೋಮವಾರ ಪ್ರಿನ್ಸಿಪಾಲರಿಗೆ ಏನು ಹೇಳಬೇಕು ಎಂಬುದರಲ್ಲಿ ನನಗಿನ್ನು ಗೊಂದಲವಿರಲಿಲ್ಲ. ಸೀಟು ಅವಳದೇ. ಅವಳ ಪ್ರಶ್ನೆಗೆ ಏನು ಹೇಳಬೇಕು ಎಂಬುದರಲ್ಲಿ ಮಾತ್ರ ಇತ್ತು.

"ಫೋನ್ ಇಡಬೇಡ, ಹಾಗೇ ಹಿಡಿದುಕೊಂಡಿರು. ಬರ್ತಾ ಇದ್ದೀನಿ" ಎಂದು ರಿಸೀವರನ್ನು ಬೂತಿನವರ ಕೈಗೆ ಕೊಟ್ಟು ರಸ್ತೆ ದಾಟಿದೆ.

ಕೋಣೆಯಲ್ಲಿ ಎಲ್ಲರೂ ಕಿಟಕಿಯ ಹತ್ತಿರ ಅವಳ ಸುತ್ತ ಮುತ್ತಿಕೊಂಡು, ಸೊನ್ನೆಯನ್ನು ಮುಟ್ಟಬಹುದೋ ಬಾರದೋ ಎಂದು ಜೋರಾಗಿ ಜಗಳ ಆಡುತ್ತಿದ್ದರು. ಅವಳು ಫೋನನ್ನು ಕಿವಿಗೆ ಒತ್ತಿಕೊಂಡೇ ಅವರಿಗೆ ಎದುರು ವಾದಿಸುತ್ತಿದ್ದಳು. ನಾನು ಒಳಗೆ ಬಂದೆ. ಯಾರೂ ಎದ್ದು ನಿಲ್ಲಲಿಲ್ಲ. ಬೆಂಚಿನ ತುದಿಯಲ್ಲಿ ಒಂದಿಷ್ಟು ಜಾಗವಿತ್ತು, ಕೂತೆ.